ಕಾಲಿಲ್ಲದೆ ನಡೆಯುವ, ಉಸಿರಿಲ್ಲದೆ ಬದುಕುವ ಪುಟ್ಟ ಶಾರ್ಕ್

ನೀರು ನನ್ನ ಕಾಲಿನ ಹರಡಿನವರೆಗೂ ಬರುತ್ತಿರಲಿಲ್ಲ. ಅಷ್ಟೇ ಅಷ್ಟು ನೀರಿನಲ್ಲಿ ಒಂದು ಶಾರ್ಕ್ ನಡೆದುಕೊಂಡು ಹೋಗುತ್ತಿತ್ತು. ಹೌದು, ನಡೆದುಕೊಂಡು. ಮುಂದಿನ ಎಡ ಈಜುರೆಕ್ಕೆ ಊರಿ, ಹಿಂದಿನ ಬಲ ಈಜುರೆಕ್ಕೆ ತಳ್ಳಿ, ಆಮೇಲೆ ಅದರ ಉಲ್ಟಾ. ನಮ್ಮ ಮನೆ ಗೋಡೆ ಮೇಲೆ ಹಲ್ಲಿ ಹೋಗುತ್ತಲ್ಲ, ಥೇಟ್ ಹಾಗೆ ಮೈ ಬಳುಕಿಸುತ್ತಾ. ಬೆನ್ನು ಅರ್ಧ ನೀರಿನಿಂದ ಹೊರಗಿತ್ತು. ನಾವು ಏಳೆಂಟು ಜನ ಟಾರ್ಚ್ ಹಿಡಿದು ಸುತ್ತ ನಿಂತಿದ್ದರೂ ಅದಕ್ಕೆ ಏನೂ ಅನ್ನಿಸಿದಂತೆ ಕಾಣಲಿಲ್ಲ. ಹವಳದ ಒಂದು ದಿಬ್ಬ ಹತ್ತಿ, ಆ ಕಡೆಯ ಗುಂಡಿಗೆ ಇಳಿದು ಹೋಯಿತು.

ಇದು ನಡೆದದ್ದು ಆಸ್ಟ್ರೇಲಿಯಾದ ಹೆರಾನ್ ಐಲ್ಯಾಂಡ್‌ನಲ್ಲಿ. ಗ್ರೇಟ್ ಬ್ಯಾರಿಯರ್ ರೀಫ್‌ನ ದಕ್ಷಿಣ ಭಾಗದಲ್ಲಿರುವ, ಅರ್ಧ ಗಂಟೆಯಲ್ಲಿ ಒಂದು ಸುತ್ತು ಹಾಕಿಬರಬಹುದಾದ ಪುಟಾಣಿ ದ್ವೀಪ. ಗ್ಲಾಡ್‌ಸ್ಟೋನ್ ಬಂದರಿನಿಂದ ಸುಮಾರು 80 ಕಿಲೋಮೀಟರ್, ದೋಣಿಯಲ್ಲಿ ಎರಡು ಗಂಟೆ. (ಆ ಎರಡು ಗಂಟೆ ನನ್ನ ಹೊಟ್ಟೆಯಲ್ಲಿ ಏನೇನಾಯಿತು ಅನ್ನೋದು ಇಲ್ಲಿ ಬೇಡ.) ಕಂಪನಿ ಕೆಲಸದ ಮೇಲೆ ಆರು ತಿಂಗಳು ಬ್ರಿಸ್ಬೇನ್‌ನಲ್ಲಿದ್ದೆ. ಒಂದು ಲಾಂಗ್ ವೀಕೆಂಡ್‌ಗೆ ಏನು ಮಾಡೋದು ಅಂತ ಹುಡುಕುವಾಗ ಈ ದ್ವೀಪ ಸಿಕ್ಕಿತು. ಹವಳ, ಆಮೆ, ತಿಮಿಂಗಿಲ ನೋಡೋಣ ಅಂತ ಹೋದವನು ಮೂರು ದಿನ ಪೂರ್ತಿ ಒಂದೇ ಮೀನಿನ ಹಿಂದೆ ಬಿದ್ದುಬಿಟ್ಟೆ.

ಅದರ ಹೆಸರು ಎಪಾಲೆಟ್ ಶಾರ್ಕ್. ಎಪಾಲೆಟ್ ಅಂದರೆ ಮಿಲಿಟರಿ ಅಧಿಕಾರಿಗಳ ಭುಜದ ಮೇಲಿರುವ ಪಟ್ಟಿ. ಈ ಶಾರ್ಕ್‌ನ ಎರಡೂ ಭುಜದ ಹಿಂದೆ ಒಂದೊಂದು ದೊಡ್ಡ ಕಪ್ಪು ಮಚ್ಚೆ, ಅದರ ಸುತ್ತ ಬಿಳಿ ಬಳೆ. ಮೇಲಿನಿಂದ ನೋಡಿದರೆ ಯಾವುದೋ ದೊಡ್ಡ ಪ್ರಾಣಿ ಎರಡು ಕಣ್ಣು ಬಿಟ್ಟು ನಿಮ್ಮನ್ನೇ ನೋಡುತ್ತಿರುವ ಹಾಗೆ. ಹಿಡಿದು ತಿನ್ನಲು ಬರುವ ದೊಡ್ಡ ಮೀನುಗಳನ್ನು ಹೆದರಿಸಲು ಈ ಮಚ್ಚೆ ಇರಬಹುದು ಅಂತ ಒಂದು ಅಂದಾಜು. ಮಿಕ್ಕಂತೆ ಮೈಯೆಲ್ಲ ಕಾಫಿ ಬಣ್ಣ, ಅದರ ಮೇಲೆ ಕಂದು ಚುಕ್ಕೆ. ಪೂರ್ತಿ ಬೆಳೆದರೂ ಹೆಚ್ಚುಕಡಿಮೆ ಒಂದು ಮೀಟರ್. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಬರೀ ಬಾಲ.

ಜಗತ್ತಿನ ಅತಿ ದೊಡ್ಡ ಮೀನಾದ ವೇಲ್ ಶಾರ್ಕ್ ಇದೆಯಲ್ಲ, ಬಸ್ಸಿನಷ್ಟು ಉದ್ದದ್ದು, ಅದು ಮತ್ತು ಈ ಎಪಾಲೆಟ್ ಒಂದೇ ಗಣಕ್ಕೆ ಸೇರಿದವು. ದೂರದ ದಾಯಾದಿಗಳು ಅನ್ನಿ. ಇನ್ನೂ ಹತ್ತಿರದ ಸಂಬಂಧಿಕರು ನಮ್ಮ ಅರಬ್ಬೀ ಸಮುದ್ರದಲ್ಲೇ ಇದ್ದಾರೆ. ಗ್ರೇ ಬ್ಯಾಂಬೂ ಶಾರ್ಕ್ ಅನ್ನೋದು ಇದೇ ಕುಟುಂಬದ್ದು, ಸಮುದ್ರದ ತಳದಲ್ಲೇ ಬದುಕುವಂಥದ್ದು. ಟ್ರಾಲ್ ಬಲೆಗೆ ಬೇರೆ ಮೀನಿನ ಜೊತೆ ಸಿಕ್ಕಿ ಬರುತ್ತದೆ. ಮಂಗಳೂರು ಕಡೆಯ ಓದುಗರು ಯಾರಾದರೂ ಬಂದರಿನಲ್ಲಿ ನೋಡಿದ್ದರೂ ನೋಡಿರಬಹುದು.

ಎಪಾಲೆಟ್‌ಗೆ ವಿಜ್ಞಾನದ ಹೆಸರು ಸಿಕ್ಕ ಕತೆಯೂ ಮಜವಾಗಿದೆ. 1770ರ ಜೂನ್‌ನಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್‌ನ ಎಂಡೆವರ್ ಹಡಗು ಇದೇ ಗ್ರೇಟ್ ಬ್ಯಾರಿಯರ್ ರೀಫ್‌ಗೆ ಗುದ್ದಿ ತಳ ಒಡೆದುಕೊಂಡಿತು. ಈಗಿನ ಕುಕ್‌ಟೌನ್ ಹತ್ತಿರದ ನದಿಮುಖದಲ್ಲಿ ಹಡಗು ನಿಲ್ಲಿಸಿ ವಾರಗಟ್ಟಲೆ ರಿಪೇರಿ. ಆ ಬಿಡುವಿನಲ್ಲಿ ಹಡಗಿನಲ್ಲಿದ್ದವರು ಸಿಕ್ಕಸಿಕ್ಕ ಗಿಡ, ಪ್ರಾಣಿ ಸಂಗ್ರಹಿಸಿದರು. ಅದರಲ್ಲಿ ಈ ಶಾರ್ಕ್ ಕೂಡ ಒಂದು. 1788ರಲ್ಲಿ ಫ್ರಾನ್ಸಿನ ಬೊನ್ನಟೇರ್ ಅದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟ. ಅಲ್ಲಿನ ಮೂಲನಿವಾಸಿಗಳು ಈ ಮೀನನ್ನು ದಿನಾ ನೋಡುತ್ತಿದ್ದಿರಬೇಕು, ಅದು ಬೇರೆ ಮಾತು.

ಶಾರ್ಕ್ ಈಜೋದು ನಿಲ್ಲಿಸಿದರೆ ಸತ್ತೇ ಹೋಗುತ್ತದೆ ಅಂತ ನಾವೆಲ್ಲ ಕೇಳಿದ್ದೇವೆ. ಕೆಲವು ಶಾರ್ಕ್‌ಗಳಿಗೆ ಅದು ನಿಜ. ಬಾಯಿ ತೆರೆದು ಈಜುತ್ತಿದ್ದರೆ ಮಾತ್ರ ಕಿವಿರಿಗೆ ನೀರು ಹರಿಯುತ್ತದೆ. ತಳದಲ್ಲಿ ಬದುಕುವ ಎಪಾಲೆಟ್‌ಗೆ ಆ ಸಮಸ್ಯೆ ಇಲ್ಲ. ಕೆನ್ನೆಯ ಸ್ನಾಯುಗಳಿಂದಲೇ ನೀರನ್ನು ಪಂಪ್ ಮಾಡಿಕೊಳ್ಳುತ್ತದೆ. ಗಂಟೆಗಟ್ಟಲೆ ಹವಳದ ಕೊಂಬೆಗಳ ಕೆಳಗೆ ಸುಮ್ಮನೆ ಬಿದ್ದಿರುತ್ತದೆ. ನಮ್ಮ ಗೈಡ್ ಹಗಲಲ್ಲಿ ತೋರಿಸಿದ ಒಂದು ಶಾರ್ಕ್ ತಲೆ ಮಾತ್ರ ಕಲ್ಲಿನ ಸಂದಿಗೆ ತುರುಕಿ, ಬಾಲವೆಲ್ಲ ಹೊರಗೆ ಬಿಟ್ಟು ಮಲಗಿತ್ತು. ತನಗೆ ಯಾರೂ ಕಾಣದಿದ್ದರೆ ತಾನೂ ಯಾರಿಗೂ ಕಾಣಲ್ಲ ಅಂದುಕೊಂಡ ಮಗುವಿನ ಹಾಗೆ.

ಊಟಕ್ಕೆ ಏಳುವುದು ಸಂಜೆಯಾದ ಮೇಲೆ, ಅದೂ ಹೆಚ್ಚಾಗಿ ನೀರು ಇಳಿದಾಗ. ಮೆನು ಸರಳ: ಮರಳಿನ ಹುಳುಗಳು, ಏಡಿ, ಸಿಗಡಿ. ಮೂತಿಯನ್ನು ಮರಳಿಗೆ ಚುಚ್ಚಿ ಹುಡುಕುತ್ತದೆ. ಬಾಯಿಗೆ ಬಂದ ಮರಳು ಕಿವಿರಿನ ಸೀಳುಗಳಿಂದ ಹೊರಗೆ ಹೋಗುತ್ತದೆ. ಮುಖ ಪೂರ್ತಿ ಮರಳಲ್ಲಿ ಹೂತಿರುವಾಗ ಉಸಿರಾಟಕ್ಕೆ ಕಣ್ಣಿನ ಹಿಂದೆ ಒಂದು ಪುಟ್ಟ ರಂಧ್ರವಿದೆ, ಅಲ್ಲಿಂದ ನೀರು ಒಳಗೆ. ನುಂಗುವ ಅವಸರವೂ ಇಲ್ಲ, ಐದು ಹತ್ತು ನಿಮಿಷ ಅಗಿಯುತ್ತಾ ಕೂರುತ್ತದಂತೆ. ಲ್ಯಾಪ್‌ಟಾಪ್ ಮುಂದೆ ನಾಲ್ಕು ನಿಮಿಷದಲ್ಲಿ ಊಟ ಮುಗಿಸುವ ನನ್ನಂಥವರು ಇದರಿಂದ ಕಲಿಯೋದಿದೆ.

ಮನುಷ್ಯರಿಗೆ ಇದರಿಂದ ಅಪಾಯವಿಲ್ಲ. ಹಿಡಿಯೋಕೆ ಹೋದರೆ ಕಚ್ಚಬಹುದು, ಅಷ್ಟೇ. ಹಿಡಿಯೋದು ಯಾಕೆ?

ಸರಿ, ಇಷ್ಟೆಲ್ಲ ಕಸರತ್ತು ಅಂದರೆ ಈ ನಡಿಗೆ ಯಾಕೆ ಬೇಕು? ಅದಕ್ಕೆ ಉತ್ತರ ಅದು ಬದುಕುವ ಜಾಗದಲ್ಲಿದೆ.

ರಾತ್ರಿ ಉಸಿರುಗಟ್ಟುವ ಸಮುದ್ರ

ಹೆರಾನ್ ದ್ವೀಪದ ಸುತ್ತ ಹವಳದ ಒಂದು ದೊಡ್ಡ ಜಗಲಿ ಇದೆ. ಜಗಲಿಯ ಅಂಚು ಸ್ವಲ್ಪ ಎತ್ತರ, ಒಳಗೆ ಸ್ವಲ್ಪ ತಗ್ಗು. ಭರತದ ವೇಳೆ ಎಲ್ಲವೂ ಸಮುದ್ರವೇ. ಇಳಿತ ಬಂದಾಗ ಅಂಚು ಮೇಲೆದ್ದು, ಒಳಗಿನ ನೀರು ಹೊರಗಿನ ಸಮುದ್ರದಿಂದ ಬೇರ್ಪಟ್ಟು ತಟ್ಟೆಯಲ್ಲಿ ಉಳಿದ ಸಾರಿನ ಹಾಗೆ ನಿಂತುಬಿಡುತ್ತದೆ. ಹಗಲಲ್ಲಿ ತೊಂದರೆಯಿಲ್ಲ. ಹವಳದೊಳಗಿನ ಪಾಚಿ ಬಿಸಿಲಲ್ಲಿ ಆಮ್ಲಜನಕ ಉತ್ಪಾದಿಸುತ್ತಲೇ ಇರುತ್ತದೆ. ರಾತ್ರಿಯಾದರೆ ಆ ಫ್ಯಾಕ್ಟರಿ ಬಂದ್. ಹವಳ, ಪಾಚಿ, ಮೀನು, ಏಡಿ ಎಲ್ಲವೂ ಒಟ್ಟಿಗೆ ಅದೇ ನೀರಿನ ಆಮ್ಲಜನಕ ಎಳೆದುಕೊಳ್ಳುತ್ತವೆ. ಗಾಳಿ, ಅಲೆ ಇಲ್ಲದ ರಾತ್ರಿಯಲ್ಲಿ ಅದು ಸಾಮಾನ್ಯ ಮಟ್ಟದ ಐದನೇ ಒಂದು ಭಾಗಕ್ಕಿಂತ ಕೆಳಗೂ ಇಳಿಯುತ್ತದೆ.

ಬೇರೆ ದೊಡ್ಡ ಮೀನುಗಳು ನೀರಿನ ಜೊತೆಗೇ ಹೊರಗೆ ಹೋಗಿಬಿಡುತ್ತವೆ. ಎಪಾಲೆಟ್ ಉಳಿಯುತ್ತದೆ. ಯಾಕೆಂದರೆ ಈಗ ಅದಕ್ಕೆ ಶತ್ರುಗಳಿಲ್ಲ, ಪೈಪೋಟಿಯಿಲ್ಲ, ಗುಂಡಿಗಳಲ್ಲಿ ಏಡಿಗಳು ಸಿಕ್ಕಿಹಾಕಿಕೊಂಡಿವೆ. ಒಂದು ಗುಂಡಿ ಖಾಲಿಯಾದರೆ ನಡೆದುಕೊಂಡು ಇನ್ನೊಂದಕ್ಕೆ. ಎಲ್ಲರೂ ಊರು ಬಿಟ್ಟ ದಿನ ಒಬ್ಬನೇ ಉಳಿದು ಹೋಟೆಲ್ ಪೂರ್ತಿ ತನ್ನದೇ ಅಂತ ಕೂತ ಹಾಗೆ.

ಆದರೆ ಉಳಿಯಬೇಕಾದರೆ ಉಸಿರಿನ ಲೆಕ್ಕ ಸರಿಹೋಗಬೇಕಲ್ಲ.

ಇಲ್ಲಿ ನನ್ನದೊಂದು ಮಾತು ಹೇಳಬೇಕು. 2021ರ ಮೇ ತಿಂಗಳಲ್ಲಿ ಅಪ್ಪನಿಗೆ ಕೋವಿಡ್ ಆಗಿತ್ತು. ನಮ್ಮ ಮನೆಯ ಹಾಲ್‌ನಲ್ಲಿ ಕೂತು ಟಿ.ವಿ. ನೋಡುತ್ತಾ, 'ನನಗೇನೂ ಆಗಿಲ್ಲ ಕಣೋ' ಅಂತ ಮಾತಾಡುತ್ತಲೇ ಇದ್ದರು. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 84 ತೋರಿಸುತ್ತಿತ್ತು. ಬ್ಯಾಟರಿ ಹಾಳಾಗಿರಬೇಕು ಅಂತ ನನ್ನ ಬೆರಳಿಗೆ ಹಾಕಿಕೊಂಡೆ, 98. ಮತ್ತೆ ಅವರಿಗೆ, 83. ಆ ರಾತ್ರಿ ಎಷ್ಟು ಕಡೆ ಫೋನ್ ಮಾಡಿದೆ, ಎಷ್ಟು ಕಡೆ 'ಬೆಡ್ ಇಲ್ಲ' ಅನ್ನಿಸಿಕೊಂಡೆ ಅನ್ನೋದನ್ನು ಆ ವರ್ಷ ಬೆಂಗಳೂರಿನಲ್ಲಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಿನ ಜಾವ ಒಂದು ಕಡೆ ಜಾಗ ಸಿಕ್ಕಿತು. 19 ದಿನದ ಮೇಲೆ ಅಪ್ಪ ಮನೆಗೆ ಬಂದರು. ಅದೇ ವಾರ್ಡಿನ ಪಕ್ಕದ ಬೆಡ್‌ನವರು ಬರಲಿಲ್ಲ.

ಅದಾದ ಮೇಲೆ ಆಮ್ಲಜನಕ ಅನ್ನೋ ಪದ ಎಲ್ಲಿ ಕೇಳಿದರೂ ನನ್ನ ಕಿವಿ ನಿಮಿರುತ್ತದೆ. ಹಾಗಾಗಿ ರೀಫ್ ಮೇಲೆ ನಿಂತು ನಮ್ಮ ಗೈಡ್, 'ಈ ಶಾರ್ಕ್ ಆಮ್ಲಜನಕ ಸ್ವಲ್ಪವೂ ಇಲ್ಲದ ನೀರಿನಲ್ಲಿ ಒಂದು ಗಂಟೆ ಬದುಕುತ್ತದೆ' ಅಂದಾಗ ನಾನು ಇನ್ನೊಮ್ಮೆ ಹೇಳಿ ಅಂದೆ.

ಆಕೆ ಹೇಳಿದ್ದು ನಿಜ. ಕ್ವೀನ್ಸ್‌ಲ್ಯಾಂಡ್‌ನ ಗ್ರಿಫಿತ್ ವಿಶ್ವವಿದ್ಯಾಲಯದ ಗಿಲಿಯನ್ ರೆನ್‌ಶಾ ಮತ್ತು ನಾರ್ವೆಯ ಓಸ್ಲೊ ವಿಶ್ವವಿದ್ಯಾಲಯದ ಯೋರಾನ್ ನಿಲ್ಸನ್ ಈ ಶಾರ್ಕ್ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಸಾಮಾನ್ಯ ಮಟ್ಟದ ಶೇ. 5ರಷ್ಟು ಮಾತ್ರ ಆಮ್ಲಜನಕ ಇರುವ ನೀರಿನಲ್ಲಿ ಇದು ಮೂರೂವರೆ ಗಂಟೆ ತಡೆದುಕೊಂಡಿದೆ. ಸೊನ್ನೆ ಆಮ್ಲಜನಕದಲ್ಲಿ ಒಂದು ಗಂಟೆ. ಅದೂ ಬೆಚ್ಚಗಿನ ಉಷ್ಣವಲಯದ ನೀರಿನಲ್ಲಿ. ನಮ್ಮ ಮೆದುಳಿಗೆ ಆಮ್ಲಜನಕ ನಿಂತರೆ ಕೆಲವೇ ನಿಮಿಷಗಳಲ್ಲಿ ಜೀವಕೋಶಗಳು ಸಾಯತೊಡಗುತ್ತವೆ. ದೇಹದ ತೂಕದಲ್ಲಿ ಶೇ. 2ರಷ್ಟಿರುವ ಮೆದುಳು ಆಮ್ಲಜನಕದಲ್ಲಿ ಶೇ. 20ರಷ್ಟನ್ನು ತಾನೇ ತಿನ್ನುತ್ತದೆ. ಪವರ್ ಹೋದರೆ ಮೊದಲು ಬೀಳುವ ಸರ್ವರ್ ಅದೇ.

ಯೂರೋಪಿನ ಕ್ರೂಶಿಯನ್ ಕಾರ್ಪ್ ಅನ್ನೋ ಕೆರೆ ಮೀನು ಇದಕ್ಕಿಂತ ಹೆಚ್ಚು ಕಾಲ, ತಿಂಗಳುಗಟ್ಟಲೆ, ಆಮ್ಲಜನಕವಿಲ್ಲದೆ ಇರುತ್ತದೆ ನಿಜ. ಆದರೆ ಅದು ಹೆಪ್ಪುಗಟ್ಟುವಂಥ ಚಳಿಯ ನೀರಿನಲ್ಲಿ, ದೇಹದಲ್ಲಿ ಆಲ್ಕೋಹಾಲ್ ತಯಾರಿಸಿಕೊಳ್ಳುತ್ತಾ ಕಾಲ ತಳ್ಳುತ್ತದೆ. ತಂಪಿನಲ್ಲಿ ದೇಹದ ಖರ್ಚು ಹೇಗೂ ಕಡಿಮೆ. ಬಿಸಿ ನೀರಿನಲ್ಲಿ ಖರ್ಚು ಜಾಸ್ತಿ, ನೀರು ಹಿಡಿದಿಡುವ ಆಮ್ಲಜನಕವೂ ಕಡಿಮೆ. ಎಪಾಲೆಟ್‌ನ ಸಾಹಸ ದೊಡ್ಡದು ಅನ್ನಿಸುವುದು ಅದಕ್ಕೇ.

ಲೋಡ್ ಶೆಡ್ಡಿಂಗ್

ಹೇಗೆ ಮಾಡುತ್ತದೆ? ನಾನು ಓದಿ ಅರ್ಥ ಮಾಡಿಕೊಂಡಷ್ಟನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಸಿಸ್ಟಮ್ ಮೇಲೆ ಒತ್ತಡ ಬಂದಾಗ ಒಳ್ಳೆ ಸಾಫ್ಟ್‌ವೇರ್ ಪೂರ್ತಿ ಬೀಳುವುದಿಲ್ಲ. ಬೇಡದ ಸರ್ವಿಸ್‌ಗಳನ್ನು ಒಂದೊಂದಾಗಿ ನಿಲ್ಲಿಸಿ, ಮುಖ್ಯವಾದ್ದನ್ನು ಉಳಿಸಿಕೊಳ್ಳುತ್ತದೆ. ಈ ಶಾರ್ಕ್ ಮಾಡೋದು ಅದನ್ನೇ.

ಆಮ್ಲಜನಕ ಇಳಿಯುತ್ತಿದ್ದಂತೆ ಹೃದಯದ ಬಡಿತ ನಿಧಾನವಾಗುತ್ತದೆ. ರಕ್ತದೊತ್ತಡ ಅರ್ಧಕ್ಕೆ ಬೀಳುತ್ತದೆ. ನಮಗಾದರೆ ಅಷ್ಟಕ್ಕೇ ತಲೆ ತಿರುಗಿ ಬೀಳಬೇಕು. ಇದರ ಮೆದುಳಿನ ರಕ್ತನಾಳಗಳು ಅದೇ ಹೊತ್ತಿಗೆ ಹಿಗ್ಗುತ್ತವೆ, ಹಾಗಾಗಿ ಒತ್ತಡ ಕಡಿಮೆಯಾದರೂ ಮೆದುಳಿಗೆ ಹೋಗುವ ರಕ್ತ ಕಡಿಮೆಯಾಗುವುದಿಲ್ಲ. ಆಮೇಲೆ ಮೆದುಳು ತನ್ನದೇ ಖರ್ಚು ಇಳಿಸುತ್ತದೆ, ಅದೂ ಆರಿಸಿ ಆರಿಸಿ. ಮೆದುಳಿನ ಕಾಂಡದಲ್ಲಿ ದೇಹದ ಚಲನೆ ನೋಡಿಕೊಳ್ಳುವ ಭಾಗಗಳ ಚಟುವಟಿಕೆ ಕುಗ್ಗುತ್ತದೆ. ಹೊರಗಿನ ಸುದ್ದಿ ತಿಳಿಸುವ ಸಂವೇದನೆಯ ಭಾಗಗಳು ಚಾಲೂ ಇರುತ್ತವೆ. ಕೈಕಾಲು ಆಫ್, ಸೆನ್ಸರ್ ಆನ್.

ಈ ಇಡೀ ನಾಟಕದಲ್ಲಿ ಅಡಿನೊಸಿನ್ ಅನ್ನೋ ಅಣುವಿಗೆ ದೊಡ್ಡ ಪಾತ್ರವಿದೆ. ಜೀವಕೋಶ ಶಕ್ತಿ ಖರ್ಚು ಮಾಡಿದಂತೆ ಉಳಿಯುವ ಪದಾರ್ಥ ಇದು. ಮೆದುಳಿನಲ್ಲಿ ಇದರ ಪ್ರಮಾಣ ಏರಿದರೆ 'ಸಾಕು, ನಿಧಾನ' ಅನ್ನೋ ಸಂದೇಶ ಹೋಗುತ್ತದೆ. ನಮ್ಮ ದೇಹದಲ್ಲೂ ಇದೇ ಅಣು ದಿನವಿಡೀ ಸೇರುತ್ತಾ ರಾತ್ರಿ ನಿದ್ದೆ ತರಿಸುತ್ತದೆ. ನಾವು ಕುಡಿಯುವ ಫಿಲ್ಟರ್ ಕಾಫಿ ಮಾಡುವ ಕೆಲಸ ಏನು ಗೊತ್ತಾ? ಅಡಿನೊಸಿನ್ ಬಂದು ಕೂರಬೇಕಾದ ಕುರ್ಚಿಯಲ್ಲಿ ಕೆಫೀನ್ ಕೂತುಬಿಡುತ್ತದೆ. ಶಾರ್ಕ್ ಆ ಸಂದೇಶ ಕೇಳಿಸಿಕೊಂಡು ಬದುಕುತ್ತದೆ. ನಾವು ರಿಲೀಸ್ ಇದೆ ಅಂತ ಮೂರನೇ ಲೋಟ ಕುಡಿಯುತ್ತೇವೆ.

ನನಗೆ ಎಲ್ಲಕ್ಕಿಂತ ಹಿಡಿಸಿದ ಸಂಗತಿ ಇನ್ನೊಂದು. ಈ ಶಕ್ತಿ ಅಭ್ಯಾಸದಿಂದ ಹೆಚ್ಚುತ್ತದೆ. ಆಮ್ಲಜನಕ ಕಡಿಮೆಯಿರುವ ನೀರಿಗೆ ಮತ್ತೆ ಮತ್ತೆ ಒಡ್ಡಿದ ಶಾರ್ಕ್‌ಗಳು ಮುಂದಿನ ಸಲ ಇನ್ನೂ ಬೇಗ ಖರ್ಚು ಇಳಿಸಿಕೊಳ್ಳುವುದನ್ನು ಸಂಶೋಧಕರು ಕಂಡಿದ್ದಾರೆ. ಪ್ರಕೃತಿಯಲ್ಲಿ ನಡೆಯುವುದೂ ಹಾಗೇ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಬಂದಂತೆ ಇಳಿತ ದಿನದಿಂದ ದಿನಕ್ಕೆ ಆಳವಾಗುತ್ತದೆ. ಮೊದಲ ರಾತ್ರಿ ಸ್ವಲ್ಪ ಕಷ್ಟ, ಮರುರಾತ್ರಿ ಇನ್ನಷ್ಟು. ಪ್ರತಿ ರಾತ್ರಿ ಮುಂದಿನ ರಾತ್ರಿಗೆ ತಯಾರಿ.

ಮನುಷ್ಯರಲ್ಲಿ ಪಾರ್ಶ್ವವಾಯು, ಹೃದಯಾಘಾತ ಆದಾಗ ಕೋಶಗಳು ಸಾಯುವುದೂ ಆಮ್ಲಜನಕ ಸಿಗದೇ. ಆದ್ದರಿಂದ ಈ ಮೀನಿನ ಮೇಲೆ ಕೆಲಸ ಮಾಡುವವರಿಗೆ ನಮ್ಮ ಮೆದುಳನ್ನು ಕಾಪಾಡುವ ದಾರಿಯೇನಾದರೂ ಇದರಲ್ಲಿ ಸಿಗಬಹುದಾ ಅನ್ನೋ ಕುತೂಹಲವಿದೆ. ನಾಳೆಯೇ ಔಷಧಿ ಬರುತ್ತದೆ ಅಂತ ನಾನೇನೂ ಹೇಳುತ್ತಿಲ್ಲ. ವಾಟ್ಸ್ಯಾಪ್‌ನಲ್ಲಿ ಹಾಗೆ ಫಾರ್ವರ್ಡ್ ಮಾಡಬೇಡಿ, ದಯವಿಟ್ಟು.

ಒಂಬತ್ತು ಅಣ್ಣತಮ್ಮಂದಿರು

ಹೀಗೆ ನಡೆಯುವ ಶಾರ್ಕ್ ಇದೊಂದೇ ಅಲ್ಲ. 2020ರಲ್ಲಿ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕ್ರಿಸ್ಟೀನ್ ಡಜನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಪ್ರಕಾರ ಇಂಥವು ಒಟ್ಟು ಒಂಬತ್ತು ಪ್ರಭೇದ. ಎಲ್ಲವೂ ಉತ್ತರ ಆಸ್ಟ್ರೇಲಿಯಾ, ನ್ಯೂಗಿನಿ, ಪೂರ್ವ ಇಂಡೋನೇಷ್ಯಾದ ಸುತ್ತಮುತ್ತ. ಶಾರ್ಕ್ ವಂಶಕ್ಕೆ 40 ಕೋಟಿ ವರ್ಷಕ್ಕೂ ಮೀರಿದ ಇತಿಹಾಸವಿದ್ದರೆ, ಈ ಒಂಬತ್ತು ಬೇರೆಬೇರೆಯಾದದ್ದು ಕಳೆದ 90 ಲಕ್ಷ ವರ್ಷಗಳಲ್ಲಿ. ಶಾರ್ಕ್ ಮನೆತನದಲ್ಲಿ ಎಲ್ಲರಿಗಿಂತ ಕಿರಿಯರು.

ಇಷ್ಟು ಚಿಕ್ಕ ಜಾಗದಲ್ಲಿ ಒಂಬತ್ತು ಯಾಕೆ ಅಂದರೆ, ಇವು ಊರು ಬಿಡುವುದಿಲ್ಲ. ಬೇರೆಷ್ಟೋ ಮೀನುಗಳ ಮರಿಗಳು ಪ್ರವಾಹದಲ್ಲಿ ತೇಲಿ ನೂರಾರು ಮೈಲಿ ಹೋಗುತ್ತವೆ. ಇವು ರೀಫ್ ಮೇಲೆಯೇ ಮೊಟ್ಟೆ ಇಡುತ್ತವೆ, ಮರಿ ಹುಟ್ಟಿದ ದಿನದಿಂದಲೇ ತಳದಲ್ಲಿ ನಡೆದಾಡುತ್ತದೆ, ಆಳ ಸಮುದ್ರ ದಾಟುವ ಧೈರ್ಯ ಮಾಡುವುದಿಲ್ಲ. ನಡುವೆ ಆಳದ ನೀರು ಬಂದು ಒಂದು ಗುಂಪು ಬೇರೆಯಾದರೆ ಅದು ಅಲ್ಲೇ ತನ್ನದೇ ದಾರಿಯಲ್ಲಿ ಬದಲಾಗುತ್ತಾ ಹೋಗುತ್ತದೆ. ಇದೇ ಕಾರಣಕ್ಕೆ ಕೆಲವು ಪ್ರಭೇದಗಳ ಇಡೀ ಜಗತ್ತು ಒಂದೆರಡು ಕೊಲ್ಲಿಗಳಷ್ಟೇ. ಅಲ್ಲೊಂದು ಬಂದರು ಕಟ್ಟಿದರೆ, ರೀಫ್ ಸತ್ತರೆ, ಓಡಿಹೋಗಲು ಬೇರೆ ಜಾಗವಿಲ್ಲ. ಇಂಡೋನೇಷ್ಯಾ 2023ರಲ್ಲಿ ತನ್ನ ನೀರಿನಲ್ಲಿರುವ ನಡೆಯುವ ಶಾರ್ಕ್‌ಗಳಿಗೆಲ್ಲ ಕಾನೂನಿನ ರಕ್ಷಣೆ ಕೊಟ್ಟಿದೆ. ನಮ್ಮ ಎಪಾಲೆಟ್ ಮಾತ್ರ ಸದ್ಯಕ್ಕೆ ಅಳಿವಿನ ಪಟ್ಟಿಯಲ್ಲಿಲ್ಲ.

ಸದ್ಯಕ್ಕೆ ಅಂದೆ. ಕಾರಣ ಮೊಟ್ಟೆಗಳು.

ಹೆಣ್ಣು ಎಪಾಲೆಟ್ ಸಾಮಾನ್ಯವಾಗಿ ಒಂದು ಸಲಕ್ಕೆ ಎರಡು ಮೊಟ್ಟೆ ಇಡುತ್ತದೆ, ಋತುವಿನಲ್ಲಿ ಎರಡು ವಾರಕ್ಕೊಮ್ಮೆ. ಮೊಟ್ಟೆ ಅಂದರೆ ಕೋಳಿಮೊಟ್ಟೆ ಥರ ಅಲ್ಲ. ಹತ್ತು ಸೆಂಟಿಮೀಟರ್ ಉದ್ದದ ಕಂದು ಚರ್ಮದ ಪರ್ಸಿನ ಥರ. ಟಾರ್ಚ್ ಹಿಂದೆ ಹಿಡಿದರೆ ಒಳಗೆ ಹಳದಿ ಭಂಡಾರ, ಅದಕ್ಕೆ ಅಂಟಿಕೊಂಡು ಬಾಲ ಅಲ್ಲಾಡಿಸುವ ಮರಿ ಕಾಣುತ್ತದೆ. ಬಾಲ ಅಲ್ಲಾಡಿಸುವುದು ಆಟಕ್ಕಲ್ಲ, ಒಳಗೆ ಹೊಸ ನೀರು ಎಳೆದುಕೊಳ್ಳಲು. ಇದರ ಸಂಬಂಧಿಯಾದ ಬ್ಯಾಂಬೂ ಶಾರ್ಕ್ ಒಂದರ ಮರಿ, ಶತ್ರು ಹತ್ತಿರ ಬಂದರೆ ಅದರ ವಿದ್ಯುತ್ ಸುಳಿವು ಹಿಡಿದು ಮೊಟ್ಟೆಯೊಳಗೇ ಉಸಿರಾಟ ನಿಲ್ಲಿಸಿ ಕಲ್ಲಿನಂತಾಗುತ್ತದೆ ಅಂತ 2013ರಲ್ಲಿ ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದವರು ತೋರಿಸಿದ್ದಾರೆ. ಇನ್ನೂ ಹುಟ್ಟಿಯೇ ಇಲ್ಲ, ಆಗಲೇ ಇಷ್ಟು ಬುದ್ಧಿ!

ಸಾಮಾನ್ಯ ಬಿಸಿಯಲ್ಲಿ ಮರಿ ಹೊರಬರಲು ನಾಲ್ಕು ತಿಂಗಳು. ಅಪ್ಪ, ಅಮ್ಮ ಯಾರೂ ಕಾವಲಿಗಿರುವುದಿಲ್ಲ. ಮೊಟ್ಟೆ ಎಲ್ಲಿಟ್ಟಿದೆಯೋ ಅಲ್ಲೇ, ನೀರು ಎಷ್ಟು ಬಿಸಿಯಾದರೂ ಸರಿಯಲು ಸಾಧ್ಯವಿಲ್ಲ. ಕ್ಯಾರೊಲಿನ್ ವೀಲರ್, ಜೋಡಿ ರಮ್ಮರ್ ಮತ್ತಿತರರು 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೊಟ್ಟೆಗಳನ್ನು 27, 29, 31 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸಿದರು. 27ರಲ್ಲಿ ಸುಮಾರು 125 ದಿನಕ್ಕೆ ಹುಟ್ಟಿದ ಮರಿಗಳು 31ರಲ್ಲಿ ಸುಮಾರು 100 ದಿನಕ್ಕೇ ಹೊರಬಂದವು. ಬೇಗ ಹುಟ್ಟಿದರೆ ಒಳ್ಳೆಯದೇ ಅಲ್ವಾ ಅನ್ನಿಸಬಹುದು. ಮೊಟ್ಟೆಯೊಳಗಿನ ಭಂಡಾರವನ್ನು ಬೇಗ ಬೇಗ ತಿಂದು ಮುಗಿಸಿ ಬಂದ ಆ ಮರಿಗಳು ಚಿಕ್ಕದಾಗಿದ್ದವು, ಸುಸ್ತಾಗಿದ್ದವು, ಹುಟ್ಟಿದ ಕೂಡಲೇ ಆಹಾರ ಹುಡುಕಬೇಕಾದ ಸ್ಥಿತಿಯಲ್ಲಿದ್ದವು. ಆಮ್ಲಜನಕವಿಲ್ಲದ ರಾತ್ರಿಯನ್ನು ಗೆದ್ದ ಪ್ರಾಣಿಗೆ ನಾಲ್ಕು ಡಿಗ್ರಿ ಬಿಸಿ ಭಾರವಾಗುತ್ತಿದೆ. 2024ರ ಬೇಸಿಗೆಯಲ್ಲಿ ಹೆರಾನ್ ಇರುವ ದಕ್ಷಿಣ ಭಾಗದಲ್ಲೂ ಹವಳಗಳು ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡವು. ನಾನು ನಡೆದಾಡಿದ ಕಡೆಯೂ ಪಾಚಿ ಹತ್ತಿದ ಸತ್ತ ಕೊಂಬೆಗಳು ಬೇಕಾದಷ್ಟಿದ್ದವು. ಅವುಗಳ ಕೆಳಗೇ ಶಾರ್ಕ್‌ಗಳು ಮಲಗಿದ್ದವು.

ಕೊನೆಯ ಸಂಜೆ ಮತ್ತೆ ರೀಫ್‌ಗೆ ಹೋದೆ. ಜುಲೈ ಅಲ್ಲಿ ಚಳಿಗಾಲ, ಐದೂವರೆಗೆಲ್ಲ ಸೂರ್ಯ ಮುಳುಗಿದ್ದ. ನೀರು ಇಳಿದಿತ್ತು. ಸಿಗ್ನಲ್ ಒಂದು ಕಡ್ಡಿ ಇತ್ತು, ಅಪ್ಪನಿಗೆ ವಿಡಿಯೊ ಕಾಲ್ ಮಾಡಿ ಕ್ಯಾಮೆರಾ ನೀರಿನ ಕಡೆ ತಿರುಗಿಸಿದೆ. ಎರಡು ಅಡಿ ಉದ್ದದ ಒಂದು ಶಾರ್ಕ್ ಹವಳದ ಮೇಲೆ ಹೆಜ್ಜೆ ಹಾಕುತ್ತಾ, ನಡುವೆ ನಿಂತು, ಮತ್ತೆ ಹೆಜ್ಜೆ ಹಾಕುತ್ತಾ ಹೊರಟಿತ್ತು.

'ಏನೋ ಅದು, ಉಡಾನಾ?' ಅಂದರು ಅಪ್ಪ.

ಶಾರ್ಕ್ ಅಪ್ಪಾ ಅಂದೆ. ನೀರಿನಲ್ಲಿ ಆಮ್ಲಜನಕ ಇಲ್ಲದಿದ್ದರೂ ಒಂದು ಗಂಟೆ ಬದುಕುತ್ತದಂತೆ ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. ಆಮೇಲೆ, 'ಅದಕ್ಕೆ ಸುಸ್ತಾಗಲ್ವಂತಾ?' ಅಂತ ಕೇಳಿದರು.

ಅಷ್ಟರಲ್ಲಿ ಭರತ ಶುರುವಾಗಿತ್ತು. ನಮ್ಮ ಗೈಡ್ ಎಲ್ಲರೂ ದಡಕ್ಕೆ ಬನ್ನಿ ಅಂತ ಕೂಗಿದಳು. ಬಗ್ಗಿ ಟಾರ್ಚ್ ಬಿಟ್ಟು ನೋಡಿದೆ. ಗುಂಡಿಯಲ್ಲಿ ಏಡಿಯ ಒಂದು ಕಾಲು ತೇಲುತ್ತಿತ್ತು, ಶಾರ್ಕ್ ಅಲ್ಲಿರಲಿಲ್ಲ.